ಹೆಣ್ಣು ಗೋಸುಂಬೆ ಸಾಕಿದವರಿಗೆ ಇಂಥ ಕ್ಲಿನಿಕ್ ಬೇಕು

ನಾಯಿ, ಬೆಕ್ಕಿನ ಜೊತೆ ಸರೀಸೃಪಗಳನ್ನೂ ನೋಡುವ ಒಂದು ಸಣ್ಣ ಕ್ಲಿನಿಕ್‌ನ ರಿವ್ಯೂ ಇದು. ಐದರಲ್ಲಿ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಕ್ಲಿನಿಕ್‌ನ ಹೆಸರು ಹಾಕುತ್ತಿಲ್ಲ. ಅಲ್ಲಿ ನೋಡಿದ್ದನ್ನು ಬಿಡಿಸಿ ಬರೆದರೆ, ನೀವು ಎಲ್ಲೇ ಇದ್ದರೂ ಒಳ್ಳೆ ಡಾಕ್ಟ್ರನ್ನು ಗುರುತಿಸೋಕೆ ಉಪಯೋಗಕ್ಕೆ ಬರುತ್ತದೆ ಅನ್ನೋದು ನನ್ನ ಆಸೆ.

ನನ್ನ ಗೋಸುಂಬೆಯ ಹೆಸರು ಪಚ್ಚೆ, ವೇಲ್ಡ್ (veiled) ಜಾತಿಯ ಹೆಣ್ಣು. ಈ ಜಾತಿಯ ಮೂಲ ಯೆಮನ್ ಮತ್ತು ಸೌದಿ ಅರೇಬಿಯಾ. ಬೇರೆಯವರ ಮನೆಯಲ್ಲಿ ಬೆಳೆದು, ಅವರಿಗೆ ಇಟ್ಟುಕೊಳ್ಳಲು ಆಗದೆ ನನ್ನ ಹತ್ತಿರ ಬಂದವಳು. ಅಲ್ಲಿ ಅವಳನ್ನು ಸುರುಳಿ ಬಲ್ಬಿನ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ. ಬಂದಾಗಲೇ ಮುಂಗಾಲು ಸ್ವಲ್ಪ ಬಾಗಿತ್ತು. ಜಾಲರಿ ಪಂಜರ, ಒಳ್ಳೆ ದೀಪ, ಎಲೆಗಳ ಮೇಲೆ ನೀರಿನ ಹನಿ, ಎಲ್ಲಾ ಹೊಸದಾಗಿ ಮಾಡಿಕೊಟ್ಟೆ. ಹೊಂದಿಕೊಂಡಳು ಅನ್ನುವಷ್ಟರಲ್ಲಿ ಊಟ ಬಿಟ್ಟಳು. ಹೊಟ್ಟೆ ದಪ್ಪಗಾಯಿತು. ಮೈ ಕಡು ಹಸಿರಾಗಿ ಅದರ ಮೇಲೆ ಹಳದಿ, ನೀಲಿ ಚುಕ್ಕೆ ಎದ್ದವು. ಯಾವಾಗಲೂ ಮೇಲಿನ ಕೊಂಬೆಯಲ್ಲೇ ಇರುವವಳು ಪಂಜರದ ತಳದಲ್ಲಿ ಓಡಾಡಿ ಮೂಲೆ ಮೂಲೆ ಕೆರೆಯತೊಡಗಿದಳು.

ಹತ್ತಿರ ಇದ್ದ ಒಬ್ಬ ಡಾಕ್ಟ್ರ ಹತ್ತಿರ ಮೊದಲು ಹೋಗಿದ್ದೆ. ಮೊಟ್ಟೆ ಇರಬಹುದಾ ಅಂತ ಕೇಳಿದ್ದಕ್ಕೆ, "ಗಂಡೇ ಇಲ್ಲವಲ್ಲ, ಮೊಟ್ಟೆ ಎಲ್ಲಿಂದ ಬರುತ್ತೆ?" ಅಂದರು. ವಿಟಮಿನ್ ಇಂಜೆಕ್ಷನ್ ಕೊಟ್ಟು ಕಳಿಸಿದರು. ನನಗೆ ಇವತ್ತಿಗೂ ಆ ಮಾತಿನ ಮೇಲೆ ಸಿಟ್ಟಿದೆ. ವೇಲ್ಡ್ ಜಾತಿಯ ಹೆಣ್ಣು ಗಂಡಿನ ಮುಖ ನೋಡದಿದ್ದರೂ ಮೊಟ್ಟೆ ಇಡುತ್ತದೆ. ಮರಿಯಾಗದ ಮೊಟ್ಟೆ, ಅಷ್ಟೇ. ನಾಲ್ಕರಿಂದ ಆರು ತಿಂಗಳಿಗೇ ದೇಹ ಅದಕ್ಕೆ ತಯಾರಾಗಿಬಿಡುತ್ತದೆ. ಒಂದು ಸಲಕ್ಕೆ 30ರಿಂದ 60 ಮೊಟ್ಟೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಅಷ್ಟೂ ಮೊಟ್ಟೆಗೆ ಬೇಕಾದ ಕ್ಯಾಲ್ಸಿಯಂ ಆ ಪುಟ್ಟ ಮೈಯಿಂದಲೇ ಹೋಗಬೇಕು. ಹೆಣ್ಣು ಗೋಸುಂಬೆ ಊಟ ಬಿಟ್ಟರೆ ಮೊದಲ ಪ್ರಶ್ನೆಯೇ ಮೊಟ್ಟೆ ಆಗಿರಬೇಕು. ಉಳಿದದ್ದೆಲ್ಲ ಆಮೇಲೆ.

ಈ ಕ್ಲಿನಿಕ್ ಸಿಕ್ಕಿದ್ದು ಅಸೋಸಿಯೇಷನ್ ಆಫ್ ರೆಪ್ಟಿಲಿಯನ್ ಅಂಡ್ ಆಂಫಿಬಿಯನ್ ವೆಟರಿನೇರಿಯನ್ಸ್ ಅನ್ನುವ ಸಂಘದ ವೆಬ್‌ಸೈಟಿನಿಂದ. ಅಲ್ಲಿ ಸರೀಸೃಪ ನೋಡುವ ಡಾಕ್ಟ್ರುಗಳನ್ನು ಹುಡುಕಬಹುದು. ಫೋನ್ ಮಾಡಿದಾಗಲೇ ವ್ಯತ್ಯಾಸ ಗೊತ್ತಾಯಿತು. ಪಂಜರದ ಫೋಟೋ, ದೀಪದ ಡಬ್ಬಿಯ ಫೋಟೋ, ಹಾಕುವ ಪುಡಿಗಳ ಲೇಬಲ್, ಆದಷ್ಟು ತಾಜಾ ಹಿಕ್ಕೆ, ಎಲ್ಲಾ ತನ್ನಿ ಅಂದರು. ಕೊನೆಯ ಸಲ ಮೊಟ್ಟೆ ಇಟ್ಟಿದ್ದು ಯಾವಾಗ, ಅಗೆಯೋಕೆ ಮಣ್ಣು ಇದೆಯಾ ಅಂತ ಅವರೇ ಕೇಳಿದರು.

ಒಳಗೆ ಹೋದ ಮೇಲೆ ಡಾಕ್ಟ್ರು ಪಚ್ಚೆಯನ್ನು ತಕ್ಷಣ ಮುಟ್ಟಲಿಲ್ಲ. ಒಂದು ಕೋಲನ್ನು ಅಡ್ಡ ಹಿಡಿದು, ಡಬ್ಬಿಯಿಂದ ಅವಳೇ ಅದರ ಮೇಲೆ ಹತ್ತುವ ಹಾಗೆ ಮಾಡಿದರು. ಸುಮ್ನೆ ನೋಡುತ್ತಾ ನಿಂತರು. ನನಗೂ ತೋರಿಸಿದರು. ಗಟ್ಟಿಯಿರುವ ಗೋಸುಂಬೆ ಕೋಲನ್ನು ಹಿಡಿದರೆ ಒಂದೊಂದೇ ಬೆರಳು ಬಿಡಿಸಬೇಕು. ಪಚ್ಚೆಯ ಬಲಗಾಲು ಹಿಡಿಯುತ್ತಿತ್ತು, ಆದರೆ ಕೋಲು ಸ್ವಲ್ಪ ಓರೆ ಮಾಡಿದ ಕೂಡಲೇ ಬಿಟ್ಟುಕೊಳ್ಳುತ್ತಿತ್ತು. ಮೊಣಕೈಯನ್ನೇ ಕೋಲಿಗೆ ಒತ್ತಿ ನಿಲ್ಲುತ್ತಿದ್ದಳು. ಆಮೇಲೆ ಕಣ್ಣು. ಎರಡೂ ಬೇರೆ ಬೇರೆ ಕಡೆ ತಿರುಗುತ್ತಿವೆಯಾ, ಗುಳಿ ಬಿದ್ದಿವೆಯಾ, ಹಗಲಲ್ಲಿ ಮುಚ್ಚಿಕೊಳ್ಳುತ್ತಿವೆಯಾ. "ಹಗಲು ಹೊತ್ತು ಕಣ್ಣು ಮುಚ್ಚಿ ಕೂತರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ತನ್ನಿ" ಅಂದರು. ಗೋಸುಂಬೆಗಳು ಕಾಯಿಲೆಯನ್ನು ಆದಷ್ಟೂ ಮುಚ್ಚಿಡುತ್ತವೆ. ನಮ್ಮ ಕಣ್ಣಿಗೆ ಕಾಣುವ ಹೊತ್ತಿಗೆ ಅದು ಹಳೆಯದಾಗಿರುತ್ತದೆ.

ಹಿಕ್ಕೆಯ ಜೊತೆ ಬರುವ ಯೂರೇಟ್ (ಗಟ್ಟಿ ಮೂತ್ರ) ಭಾಗ ಬಿಳಿಯಿದ್ದರೆ ನೀರು ಸಾಕಾಗುತ್ತಿದೆ ಅಂತ ಅರ್ಥ. ಪಚ್ಚೆಯದು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಮಿಕ್ಕ ಹಿಕ್ಕೆಯನ್ನು ಹೊಟ್ಟೆಹುಳು ಇದೆಯಾ ಅನ್ನುವ ಪರೀಕ್ಷೆಗೆ ಒಳಗೆ ಕಳಿಸಿದರು. ದವಡೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿದರು. ಗಟ್ಟಿ ಇರಬೇಕಾದದ್ದು ಒಂಚೂರು ಬಾಗುತ್ತಿತ್ತು. ಮೂಳೆ ಮೆತ್ತಗಾಗುವ ಈ ಕಾಯಿಲೆ ಗೋಸುಂಬೆ ಸಾಕುವವರಿಗೆಲ್ಲ ಗೊತ್ತಿರುವುದೇ. ಕ್ಯಾಲ್ಸಿಯಂ, ವಿಟಮಿನ್ ಡಿ3, ಯುವಿಬಿ ಅನ್ನುವ ಅತಿನೇರಳೆ (ಯುವಿ) ಬೆಳಕು, ಈ ಮೂರರಲ್ಲಿ ಯಾವುದು ಕಮ್ಮಿಯಾದರೂ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಕೊನೆಗೆ ಹೊಟ್ಟೆ ಮುಟ್ಟಿ ನೋಡಿದರು. ನನ್ನ ಬೆರಳನ್ನೂ ಅಲ್ಲಿ ಹಗುರವಾಗಿ ಇಡಿಸಿದರು. ಚೀಲದೊಳಗಿನ ಗೋಲಿಗಳ ಹಾಗೆ ಸಾಲಾಗಿ ಸಿಕ್ಕವು.

ಇಲ್ಲಿಂದ ಮುಂದಿನದ್ದೇ ಈ ಕ್ಲಿನಿಕ್‌ನ ನಿಜವಾದ ಶಕ್ತಿ. ಮೊಟ್ಟೆ ಇದೆ ಅಂತ ಗೊತ್ತಾದ ಮೇಲೂ ಅವಸರ ಮಾಡಲಿಲ್ಲ. ಎಕ್ಸ್‌ರೇ, ಸ್ಕ್ಯಾನ್ ಎರಡೂ ತೆಗೆದು ಪರದೆಯ ಮೇಲೆ ವಿವರಿಸಿದರು. ಅಂಡಾಶಯದಲ್ಲೇ ಉಳಿದ ಗುಂಡನೆ ಕೋಶಗಳು ಬೇರೆ, ಚಿಪ್ಪು ಕಟ್ಟಿಕೊಂಡು ನಾಳಕ್ಕೆ ಇಳಿದ ಉದ್ದನೆ ಮೊಟ್ಟೆಗಳು ಬೇರೆ. ಮೊದಲನೆಯದು ಮುಂದಕ್ಕೆ ಹೋಗದೆ ನಿಂತುಬಿಟ್ಟರೆ ಮೊಟ್ಟೆ ಹಾಕಿಸುವ ಔಷಧಿಯಿಂದ ಪ್ರಯೋಜನವಿಲ್ಲ, ಸಾಮಾನ್ಯವಾಗಿ ಆಪರೇಷನ್ನೇ ದಾರಿ. ಪಚ್ಚೆಗೆ ಇದ್ದದ್ದು ಎರಡನೆಯದು. ದಾರಿಗೆ ಅಡ್ಡವಾಗುವಂಥ ಸೊಟ್ಟ ಮೊಟ್ಟೆ, ಒಡೆದ ಮೊಟ್ಟೆ ಯಾವುದೂ ಕಾಣಲಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಮಾತ್ರ ತೀರಾ ಕಡಿಮೆ. ಮೊಟ್ಟೆ ನೂಕುವುದು ಸ್ನಾಯುವಿನ ಕೆಲಸ, ಸ್ನಾಯುವಿಗೆ ಕ್ಯಾಲ್ಸಿಯಂ ಬೇಕು. ಹಾಗಾಗಿ ಮೊದಲು ದ್ರವ, ಬಿಸುಪು, ಕ್ಯಾಲ್ಸಿಯಂ. ಮೊಟ್ಟೆ ಹಾಕಿಸುವ ಆಕ್ಸಿಟೋಸಿನ್ ಔಷಧಿ ಆಮೇಲೆ, ಅದೂ ಬೇಕಾದರೆ ಮಾತ್ರ. ಆ ಔಷಧಿ ಆಮೆಗಳಿಗೆ ಚೆನ್ನಾಗಿ ಕೆಲಸ ಮಾಡುವಷ್ಟು ಗೋಸುಂಬೆ, ಹಲ್ಲಿಗಳ ಗುಂಪಿಗೆ ಮಾಡುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟರು. ಇಂಜೆಕ್ಷನ್‌ಗಳನ್ನು ಮೈಯ ಮುಂಭಾಗಕ್ಕೇ ಕೊಟ್ಟರು. ಸರೀಸೃಪಗಳಲ್ಲಿ ಹಿಂಭಾಗದ ರಕ್ತ ಮೊದಲು ಮೂತ್ರಪಿಂಡದ ಕಡೆ ಹೋಗಬಹುದು, ಅದಕ್ಕೆ ಈ ಎಚ್ಚರ. ಕೇಳದೆಯೇ ಇದನ್ನೆಲ್ಲ ಬಿಡಿಸಿ ಹೇಳುವ ಡಾಕ್ಟ್ರು ಸಿಗೋದು ಅಪರೂಪ ಅಲ್ವಾ?

ಮನೆಗೆ ಕಳಿಸುವಾಗ, ಮೊಟ್ಟೆ ಇಡೋಕೆ ಬೇಕಾದ ಮರಳಿನ ತೊಟ್ಟಿಯ ಬಗ್ಗೆ ಅಳತೆ ಸಮೇತ ಹೇಳಿದರು. ಕಡಿಮೆ ಅಂದರೂ 30 ಸೆಂಟಿಮೀಟರ್ ಆಳ. ತೊಳೆದ ಮರಳು, ತೇವ ಎಷ್ಟಿರಬೇಕೆಂದರೆ ಬೆರಳಿನಿಂದ ಸುರಂಗ ಕೊರೆದರೆ ಕುಸಿಯಬಾರದು, ತಳದಲ್ಲಿ ನೀರು ನಿಲ್ಲಬಾರದು. ನಾನು ಕೊರೆದು ನೋಡಿ, ಕುಸಿದಾಗೆಲ್ಲ ಇನ್ನೊಂಚೂರು ನೀರು ಚಿಮುಕಿಸಿ ಕಲೆಸಿದೆ. ಪಂಜರದ ಸುತ್ತ ಬಟ್ಟೆ ಕಟ್ಟಿದೆ. ಅಗೆಯುವಾಗ ಯಾರಾದರೂ ನೋಡುತ್ತಿದ್ದಾರೆ ಅನ್ನಿಸಿದರೆ ಹೆಣ್ಣು ಅರ್ಧಕ್ಕೇ ಬಿಟ್ಟುಬಿಡಬಹುದು, ಮೊಟ್ಟೆ ಒಳಗೇ ಉಳಿಯಬಹುದು. ಬಟ್ಟೆಯ ಸಂದಿಯಿಂದ ಒಮ್ಮೆ ಮಾತ್ರ ನೋಡಿದೆ. ಬಾಲದ ತುದಿ ಬಿಟ್ಟು ಮಿಕ್ಕ ಮೈಯೆಲ್ಲ ಮರಳಿನೊಳಗೆ. ಹಿಂಗಾಲು ಮರಳನ್ನು ಹಿಂದಕ್ಕೆ ತಳ್ಳುತ್ತಿತ್ತು.

ಮೊಟ್ಟೆ ಇಟ್ಟು, ಗುಂಡಿ ಮುಚ್ಚಿ, ಕಾಲಿನಿಂದ ತಟ್ಟಿ ಸಮ ಮಾಡಿ ಮೇಲೆ ಬಂದಳು. ಸೊಂಟ ಒಳಕ್ಕೆ ಹೋಗಿತ್ತು, ಕಣ್ಣು ಗುಳಿ ಬಿದ್ದಿತ್ತು. ಗೋಸುಂಬೆ ಬಟ್ಟಲಿನಿಂದ ಸಾಮಾನ್ಯವಾಗಿ ಕುಡಿಯುವುದಿಲ್ಲ, ಎಲೆ ಮೇಲಿನ ಹನಿ ನೆಕ್ಕುತ್ತದೆ. ತುಂಬಾ ಹೊತ್ತು ಹನಿ ಬೀಳಿಸಿದೆ, ನೆಕ್ಕುತ್ತಲೇ ಇದ್ದಳು. ಮತ್ತೆ ಎಕ್ಸ್‌ರೇಗೆ ಹೋದಾಗ ಇನ್ನೂ ಕೆಲವು ಮೊಟ್ಟೆ ಉಳಿದಿದ್ದವು. ಕ್ಯಾಲ್ಸಿಯಂ ಸರಿಯಾಗಿದೆ ಅಂತ ರಕ್ತದಲ್ಲಿ ಖಚಿತ ಮಾಡಿಕೊಂಡ ಮೇಲೆಯೇ ಆಕ್ಸಿಟೋಸಿನ್ ಕೊಟ್ಟರು. ನಮ್ಮ ಪುಣ್ಯ, ಅವೂ ಬಂದವು.

ಅಂಡಾಶಯ ತೆಗೆದುಹಾಕುವ ಆಪರೇಷನ್ ಬಗ್ಗೆ ನಾನೇ ಕೇಳಿದೆ. ಮಾಡಬಹುದು, ಮತ್ತೆ ಮತ್ತೆ ಸಿಕ್ಕಿಕೊಂಡರೆ ಮಾಡಲೇಬೇಕಾಗುತ್ತದೆ, ಆದರೆ ಮೂಳೆ ಮೆತ್ತಗಿರುವ, ಸೋತ ಪ್ರಾಣಿಗೆ ಅರಿವಳಿಕೆ ಕೊಡುವುದರಲ್ಲಿ ಅಪಾಯವಿದೆ ಅಂದರು. ಈಗ ಮಾಡಿಸಿ ಅಂತ ಒತ್ತಾಯವಿಲ್ಲ, ಬೇಡವೇ ಬೇಡ ಅಂತಲೂ ಇಲ್ಲ. ಸದ್ಯಕ್ಕೆ ಊಟ ಮತ್ತು ಬಿಸಿ ಹಿಡಿತದಲ್ಲಿಡುವ ದಾರಿ ಆರಿಸಿಕೊಂಡೆವು. ಬೆಳೆದ ಹೆಣ್ಣಿಗೆ ದಿನಾ ಹೊಟ್ಟೆ ತುಂಬಾ ಹುಳ ಕೊಟ್ಟು, ಬಿಸಿ ಜಾಗವನ್ನು ಜಾಸ್ತಿ ಕಾಯಿಸಿದರೆ ಮೊಟ್ಟೆಯ ಸಂಖ್ಯೆ ಏರುತ್ತದೆ. ಈಗ ದಿನ ಬಿಟ್ಟು ದಿನ ಮೂರ್ನಾಲ್ಕು ಹುಳ, ಬಿಸಿ ಕೊಂಬೆಯ ಹತ್ತಿರ 27 ಡಿಗ್ರಿ ಸೆಲ್ಸಿಯಸ್. ಹುಳಗಳಿಗೆ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿ ಪ್ರತಿ ಸಲ, ಡಿ3 ಇರುವುದು ತಿಂಗಳಿಗೆ ಎರಡು ಸಲ. ಆದರೆ ಚಿಕ್ಕ ಮರಿಗೆ ಹೀಗೆ ಊಟ ಕಡಿಮೆ ಮಾಡಬಾರದು, ಅದು ಬೆಳೆಯುವ ವಯಸ್ಸು.

ಇವರ ಇನ್ನೊಂದು ಸೌಲಭ್ಯ ನನಗೆ ತುಂಬಾ ಹಿಡಿಸಿತು. ಸೋಲಾರ್‌ಮೀಟರ್ 6.5 ಅನ್ನುವ ಅಳತೆಯ ಯಂತ್ರವನ್ನು ಎರವಲು ಕೊಡುತ್ತಾರೆ. ಯುವಿ ಸೂಚ್ಯಂಕವನ್ನು ತೋರಿಸುವ ಸಾಧನ ಅದು. ಗೋಸುಂಬೆ ಕೂರುವ ಕೊಂಬೆಯ ಹತ್ತಿರ, ಅವಳ ಬೆನ್ನಿನ ಎತ್ತರಕ್ಕೆ ಹಿಡಿದಾಗ 3ರ ಆಸುಪಾಸು ಬರಬೇಕು. ನನ್ನ ಟಿ5 ಅನ್ನುವ ತೆಳು ಯುವಿಬಿ ಟ್ಯೂಬ್ ಲೈಟಿನ ಕೆಳಗೆ ಸರಿಯಾಗಿ ಬಂತು. ಹಳೆ ಮನೆಯಿಂದ ಬಂದ ಸುರುಳಿ ಬಲ್ಬನ್ನೂ ಹಚ್ಚಿ ಅಳೆದೆ. ಕಣ್ಣಿಗೆ ಝಗಝಗ ಅನ್ನುವ ಬೆಳಕು, ಯಂತ್ರದಲ್ಲಿ ಹೆಚ್ಚುಕಮ್ಮಿ ಸೊನ್ನೆ. ಬೆಳಕು ಕಾಣುತ್ತಿದ್ದರೂ ಯುವಿಬಿ ಸತ್ತುಹೋಗಿರಬಹುದು, ಅದಕ್ಕೆ ಟ್ಯೂಬನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ಕಿಟಕಿ ಗಾಜಿನ ಹಿಂದಿನ ಬಿಸಿಲೂ ಲೆಕ್ಕಕ್ಕಿಲ್ಲ, ಗಾಜು ಯುವಿಬಿ ತಡೆಯುತ್ತದೆ.

ಬೇರೆ ಕಾಯಿಲೆಗಳಿಗೂ ಒಂದು ಹಾಳೆ ಕೊಟ್ಟರು. ಬಾಯಿ ತೆರೆದು ತಲೆ ಮೇಲಕ್ಕೆತ್ತಿ ಉಸಿರಾಡುವುದು, ಬಾಯಲ್ಲಿ ಲೋಳೆ, ಉಸಿರಾಡುವಾಗ ಟಿಕ್ ಟಿಕ್ ಸದ್ದು ಇದ್ದರೆ ಶ್ವಾಸಕೋಶದ ಸೋಂಕಿನ ಅನುಮಾನ. ಬಿಸಿಗೂ ಬಾಯಿ ತೆರೆಯುತ್ತವೆ, ದೀಪದಿಂದ ದೂರ ಹೋದ ಮೇಲೂ ಮುಚ್ಚದಿದ್ದರೆ ಗಂಭೀರ. ಕಣ್ಣಿನ ರೆಪ್ಪೆ ಊದಿದರೆ ಸೋಂಕು ಇರಬಹುದು, ಕಸ ಸೇರಿರಬಹುದು, ವಿಟಮಿನ್ ಎ ಕೊರತೆಯೂ ಇರಬಹುದು. ಆದರೆ ವಿಟಮಿನ್ ಎ ಜಾಸ್ತಿಯಾದರೂ ವಿಷವೇ, ನೀವೇ ಹನಿ ಹಾಕಬೇಡಿ. ಇನ್ನೊಂದು ಮಾತಿಗೆ ಅಡಿಗೆರೆ ಎಳೆದಿದ್ದರು: ಬಲವಂತವಾಗಿ ಬಾಯಿ ಬಿಡಿಸಿ ತಿನ್ನಿಸಬೇಡಿ, ನೀರು ಸುರಿಯಬೇಡಿ. ಶ್ವಾಸದ ದಾರಿ ಬಾಯೊಳಗೇ ಹತ್ತಿರದಲ್ಲಿದೆ, ಸುಲಭವಾಗಿ ಒಳಗೆ ಹೋಗಿಬಿಡುತ್ತದೆ.

ಅರ್ಧ ಸ್ಟಾರ್ ಕಳೆದದ್ದಕ್ಕೆ ಕಾರಣಗಳಿವೆ. ಕಾಯುವ ಜಾಗ ಎಲ್ಲರಿಗೂ ಒಂದೇ. ನಾಯಿಗಳ ಬೊಗಳಾಟದ ನಡುವೆ ಪಚ್ಚೆ ಹೆದರಿ ಮೈ ಕಪ್ಪಾಗಿ ಕೂತಿದ್ದಳು. ಇಷ್ಟು ಗೊತ್ತಿರುವವರು ಗೋಸುಂಬೆಗೆ ಒಂದು ಮೂಲೆಯಾದರೂ ಬೇರೆ ಮಾಡಿಕೊಡಬೇಕಿತ್ತು. ರಾತ್ರಿ ಫೋನ್ ಎತ್ತುವವರಿಗೆ ಸರೀಸೃಪದ ವಿಷಯ ಗೊತ್ತಿಲ್ಲ, ಬೆಳಿಗ್ಗೆ ಮಾಡಿ ಅಂತಾರೆ. ಮೊಟ್ಟೆ ಸಿಕ್ಕಿಕೊಂಡಾಗ ಬೆಳಿಗ್ಗೆವರೆಗೆ ಕಾಯುವುದು ತುಂಬಾ ಕಷ್ಟ.

ಪಚ್ಚೆಯ ಕಾಲಿನ ಬಾಗು ಹಾಗೇ ಉಳಿದಿದೆ, ಅದು ನೇರವಾಗುವುದಿಲ್ಲ ಅಂತ ಮೊದಲೇ ಹೇಳಿದ್ದರು. ಹಿಡಿತ ಮಾತ್ರ ಬಿಗಿಯಾಗಿದೆ. ವಾರಕ್ಕೊಮ್ಮೆ ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡುತ್ತೇನೆ, ಆ ಪುಸ್ತಕವನ್ನು ಡಾಕ್ಟ್ರು ಪ್ರತಿ ಸಲ ಕೇಳಿ ನೋಡುತ್ತಾರೆ. ನೀವು ಹೋಗುವುದಾದರೆ ದಿನದ ಮೊದಲ ಅಪಾಯಿಂಟ್‌ಮೆಂಟ್ ಕೇಳಿ, ಆಗ ನಾಯಿಗಳು ಇನ್ನೂ ಬಂದಿರುವುದಿಲ್ಲ. ಡಬ್ಬಿಯೊಳಗೆ ಹಿಡಿದುಕೊಳ್ಳೋಕೆ ಒಂದು ಕೋಲು ಅಡ್ಡ ಕಟ್ಟಿ, ಮೇಲೆ ದಪ್ಪ ಬಟ್ಟೆ ಮುಚ್ಚಿಕೊಂಡು ಹೋಗಿ.