ಡ್ರ್ಯಾಗನ್ ಇಳಿಯಲಾಗದ ಕೋಟೆಗೆ 18,500 ರೂಪಾಯಿ ಕೊಟ್ಟೆ: ಮುಂಗಡ ಕಳಿಸುವ ಮೊದಲು ಇದನ್ನು ಓದಿ

ಹಾಸನದಲ್ಲಿ ನಾವು ಆರು ಮಂದಿ ಪ್ರತಿ ಭಾನುವಾರ ಸಂಜೆ ಸೇರಿ, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು, ಡೈಸ್ ಉರುಳಿಸಿ ಕಥೆ ಮುಂದುವರಿಸುವ ಆಟ ಆಡುತ್ತೇವೆ. ಕಥೆ ನಡೆಸುವವನು ನಾನು. ಮುಂದಿನ ಕಂತು ನಡೆಯಬೇಕಿದ್ದುದು ಕಡಿದಾದ ಬಂಡೆಯ ಮೈಯಲ್ಲಿ ಕೊರೆದ, ಸಾವಿರ ವರ್ಷ ಹಳೆಯ ಡ್ರ್ಯಾಗನ್ ಸವಾರರ ಕೋಟೆಯಲ್ಲಿ. ಅದರ ಮಾದರಿ ಮಾಡಿಸಲು ಹೋಗಿ ನಾನು ಮೋಸಹೋದ ಬಗೆ ಇಂಥವನ್ನು ಮಾಡಿಸುವ ಎಲ್ಲರಿಗೂ ತಿಳಿದಿರಲಿ ಎಂದು ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ತಯಾರಕರು ಚಿಕ್ಕಮಗಳೂರಿನವರು; ಹೆಸರು ಬೇಡ. ಗಟ್ಟಿ ಥರ್ಮಾಕೋಲನ್ನು ಕೈಯಲ್ಲೇ ಕೆತ್ತಿ, ಮೇಲೆ ರೆಸಿನ್ ಲೇಪಿಸಿ ಕೊಡುತ್ತೇನೆಂದರು. 18,500 ರೂಪಾಯಿಗೆ ಮಾತಾಯಿತು, 12,000 ಮುಂಗಡ ಕೊಟ್ಟೆ. ನನಗೆ ಬೇಕಾದುದನ್ನು ಎರಡು ಪುಟ ಬರೆದು ಕಳಿಸಿದ್ದೆ. ಸಕಲೇಶಪುರದ ಮಂಜರಾಬಾದ್ ಕೋಟೆಯಂಥದ್ದು ಬೇಡವೆಂದು ಅದರಲ್ಲಿ ಸ್ಪಷ್ಟವಾಗಿತ್ತು. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಆ ಕೋಟೆ ಎಂಟು ಮೂಲೆಯ ನಕ್ಷತ್ರದಂತಿರುವುದು ಫಿರಂಗಿ ಕಾಲದ ಲೆಕ್ಕಾಚಾರ: ಶತ್ರು ಗೋಡೆಯ ಯಾವ ಬದಿಗೆ ಬಂದರೂ ಪಕ್ಕದ ಮೂಲೆಯಿಂದ ಗುಂಡು ಹಾರಿಸಬಹುದು. ನನ್ನ ಕೋಟೆಗೆ ಶತ್ರು ಬರುವುದು ಆಕಾಶದಿಂದ. ಅಲ್ಲಿ ಗೋಡೆಯ ಆಕಾರಕ್ಕಿಂತ ತಲೆಯ ಮೇಲಿನ ಕಲ್ಲಿನ ಚಾವಣಿ ಮುಖ್ಯ. ನೀರಿಗೆ ಚಿತ್ರದುರ್ಗದಲ್ಲಿರುವಂತೆ ಮೇಲಿನ ಹೊಂಡ ತುಂಬಿ ಕೆಳಗಿನದಕ್ಕೆ ಹರಿಯುವ ಏರ್ಪಾಡು. ಡ್ರ್ಯಾಗನ್‌ಗಳು ಬಂದಿಳಿಯಲು ಬಂಡೆಯಿಂದ ಹೊರಚಾಚಿದ ಮೂರು ಜಗಲಿ, ಒಂದೊಂದೂ 4 ಇಂಚು ಅಗಲ. ಇಷ್ಟನ್ನೂ ಬರೆದಿದ್ದೆ. "ಎಲ್ಲ ಅರ್ಥ ಆಯ್ತು ಸರ್, ನೀವು ಆರಾಮಾಗಿರಿ" ಎಂಬ ಉತ್ತರ ಎರಡೇ ನಿಮಿಷದಲ್ಲಿ ಬಂತು. ಓದಿದಿರಾ ಎಂದು ಆಗಲೇ ಕೇಳಬೇಕಿತ್ತು, ಕೇಳಲಿಲ್ಲ.

ಮೂರು ವಾರ ಎಂದದ್ದು ಒಂಬತ್ತು ವಾರವಾಯಿತು. ಬಸ್ಸಿನಲ್ಲಿ ಪಾರ್ಸೆಲ್ ಬಂದ ದಿನ, ಪೆಟ್ಟಿಗೆ ಬಿಚ್ಚುವ ಮೊದಲೇ ಉಳಿದ 6,500 ರೂಪಾಯಿಯನ್ನೂ ಕಳಿಸಿಬಿಟ್ಟೆ. ಹೌದು, ಬಿಚ್ಚುವ ಮೊದಲೇ. ಭಾನುವಾರ ಎಲ್ಲರ ಎದುರಿಗೇ ತೆರೆಯಬೇಕೆಂಬ ಹುಚ್ಚು ನನಗೆ.

ಕೈಕೆತ್ತನೆಯ ಬಗ್ಗೆ ಹತ್ತು ನಿಮಿಷ ವರ್ಣಿಸಿ ಪೆಟ್ಟಿಗೆ ತೆರೆದೆ. ಯಾರೂ ಮಾತಾಡಲಿಲ್ಲ. ಜಗಲಿ ಇದ್ದದ್ದು ಒಂದೇ, ಅದೂ 2 ಇಂಚು. ನಮ್ಮ ಡ್ರ್ಯಾಗನ್ ಗೊಂಬೆಯ ಪೀಠವೇ 3 ಇಂಚು ಇರುವುದರಿಂದ ಅದು ಇಳಿಯುವ ಬದಲು ಉರುಳಿ ಕೆಳಗೆ ಬಿತ್ತು. ಚಾವಣಿ ಇಲ್ಲ, ಹೊಂಡ ಇಲ್ಲ. ಬಂಡೆಯ ಮೈತುಂಬ ಒಂದೇ ಅಂತರದ ಅಡ್ಡಗೆರೆಗಳು. ಅಷ್ಟರಲ್ಲಿ ಅಕ್ಕನ ಮಗ ಅದನ್ನು ಮಗುಚಿ, "ಮಾವ, ಇಲ್ಲಿ ಯಾರದೋ ಹೆಸರು ಉಜ್ಜಿದ್ದಾರೆ" ಎಂದ. ಉಪ್ಪುಕಾಗದದಲ್ಲಿ ಅರ್ಧ ಮಾತ್ರ ಅಳಿಸಿದ ಆ ಹೆಸರನ್ನು ಅವನು ಫೋನಿನಲ್ಲಿ ಹುಡುಕಿದಾಗ ಇದೇ ಕೋಟೆ, ಇದೇ ಮುರಿದ ಬುರುಜು ಕಣ್ಣೆದುರು ಬಂತು: ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ತ್ರೀಡಿ ಪ್ರಿಂಟ್ ಮಾಡಿಕೊಳ್ಳಬಹುದಾದ ಫೈಲ್. ಮಾರಾಟ ಮಾಡಕೂಡದೆಂಬ ಷರತ್ತೂ ಅಲ್ಲೇ ಕೆಳಗಿತ್ತು. ಗೆಳೆಯರು ನಗಲಿಲ್ಲ; ನಕ್ಕಿದ್ದರೆ ಇಷ್ಟು ಅವಮಾನವಾಗುತ್ತಿರಲಿಲ್ಲ.

ಅದೇ ರಾತ್ರಿ ಫೋನ್ ಮಾಡಿದೆ. ಅಡ್ಡಗೆರೆ ಏಕೆಂದರೆ, "ಅದು ಬಂಡೆಯ ಪದರ ಸರ್, ನ್ಯಾಚುರಲ್ಲಾಗಿರ್ಲಿ ಅಂತ ಬಿಟ್ಟಿದ್ದೀನಿ." ಹಳೇಬೀಡಿನ ಬಳಪದ ಕಲ್ಲಿನ ಕೆತ್ತನೆ ನೋಡುತ್ತ ಬೆಳೆದವನಿಗೆ ಹೇಳಿದ ಮಾತಿದು! ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರದ ಮೇಲೆ ಪದರ ಕೂರಿಸುವ ಯಂತ್ರದ ಗುರುತು ಆ ಗೆರೆಗಳು. ಬುರುಜು ಮುರಿದಿದೆಯಲ್ಲ ಎಂದರೆ, "ನೀವೇ ಪುರಾತನ ಕೋಟೆ ಅಂದಿದ್ರಲ್ಲ ಸರ್." ಜಗಲಿ ಸಾಲದೆಂದರೆ, "ಸಣ್ಣ ಡ್ರ್ಯಾಗನ್ ತಗೊಳ್ಳಿ." ಎರಡು ಪುಟ ಬರೆದುಕೊಟ್ಟ ನಾನು ಸಣ್ಣ ಡ್ರ್ಯಾಗನ್ ತೆಗೆದುಕೊಳ್ಳಬೇಕಂತೆ. ಉಜ್ಜಿದ ಹೆಸರಿನ ಮಾತೆತ್ತಿದ ಕೂಡಲೇ, "ಗಿರಿ ಮೇಲಿದ್ದೀನಿ ಸರ್, ಸಿಗ್ನಲ್ ಇಲ್ಲ" ಎಂದು ಫೋನ್ ಇಟ್ಟರು.

ತ್ರೀಡಿ ಪ್ರಿಂಟ್ ಎಂದೇ ಹೇಳಿ ಅದರ ಬೆಲೆ ಕೇಳಿದ್ದರೆ ನಾನು ಕೊಳ್ಳುತ್ತಿದ್ದೆನೇನೋ. ಸಿಟ್ಟು ಕೈಕೆತ್ತನೆ ಎಂಬ ಸುಳ್ಳಿನ ಮೇಲೆ. ಕೆಲಸ ಅರ್ಧವಾದಾಗ ಕೆತ್ತುತ್ತಿರುವ ವೀಡಿಯೊ ಕೇಳಿ. ಅಡಿಭಾಗದ ಫೋಟೊ ಕೇಳಿ. ಪೆಟ್ಟಿಗೆ ಬಿಚ್ಚುವವರೆಗೆ ಬಾಕಿ ಕೊಡಬೇಡಿ. "ಆರಾಮಾಗಿರಿ" ಎನ್ನುವವರನ್ನಂತೂ ನಾನು ಇನ್ನು ಮುಂದೆ ನಂಬುವುದಿಲ್ಲ.

ಹಣ ಮರಳಿ ಬಂದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆಂದು ತಿಳಿಸಿದ ಮೇಲೆ ನಿನ್ನೆ ಒಂದು ಸಂದೇಶ ಬಂದಿದೆ: "ಉಳಿದ ಎರಡು ಜಗಲಿ ಮಾಡಿ ಕಳಿಸ್ತೀನಿ ಸರ್, ಒಂದಕ್ಕೆ 1,500 ಆಗುತ್ತೆ."