ಒಂದೇ ಜೀನ್ಸ್, ಮೂರು ರಿಪೇರಿ: ಟೇಲರ್, ರಫೂ, ಕೌದಿ ಹೊಲಿಗೆ

ನನ್ನ ವೋಟು ಕೌದಿ ಹೊಲಿಗೆಗೆ. ಟೇಲರ್‌ಗೂ, ತೂತನ್ನು ನೂಲಿನಿಂದಲೇ ನೇಯ್ದು ಮುಚ್ಚುವ ರಫೂಗೂ ದುಡ್ಡು ಕೊಟ್ಟು ನೋಡಿದ ಮೇಲೇ ಹೇಳುತ್ತಿದ್ದೇನೆ.

ಜೀನ್ಸು 14 ಔನ್ಸಿನ (ಒಂದು ಚದರ ಗಜ ಬಟ್ಟೆಯ ತೂಕ) ರಾ ಡೆನಿಮ್. ನೇಯ್ದ ಮೇಲೆ ಕಾರ್ಖಾನೆಯಲ್ಲಿ ಒಗೆಯದೆ ಹಾಗೇ ಹೊಲಿದದ್ದು. ಕೊಂಡು ನಾಲ್ಕು ವರ್ಷ ದಾಟಿತು. ಡೊಂಬಿವಲಿಯಿಂದ ಮಸ್ಜಿದ್ ಬಂದರ್‌ವರೆಗೆ ದಿನಾ ಮುಂಬೈ ಲೋಕಲ್ ರೈಲು, ಅದರಲ್ಲಿ ಮುಕ್ಕಾಲು ಪಾಲು ನಿಂತೇ. ಇದರ ನೀಲಿ ನೂಲಿನ ತಿರುಳಿಗೆ ಇಳಿದಿರುವುದಿಲ್ಲ, ಹೊರಮೈಗೆ ಮಾತ್ರ ಹಿಡಿದಿರುತ್ತದೆ. ಉದ್ದಕ್ಕೆ ಹಾಯುವ ಹಾಸಿನ ನೂಲು ನೀಲಿ, ಅಡ್ಡಕ್ಕೆ ಹಾಯುವ ಹೊಕ್ಕಿನದು ಬಿಳಿ. ಹಾಗಾಗಿ ಎಲ್ಲಿ ಮೈ ಮಡಚುತ್ತದೋ ಅಲ್ಲಿ ಬಿಳುಪು ಮೇಲೆ ಬರುತ್ತದೆ. ಎರಡು ವರ್ಷದಲ್ಲಿ ತೊಡೆಯ ಮೇಲೆ ಬೆಕ್ಕಿನ ಮೀಸೆಯಂಥ ಗೆರೆಗಳು, ಮಂಡಿಯ ಹಿಂದೆ ಜೇನುಹುಟ್ಟಿನಂಥ ಜಾಲ, ಹಿಂದಿನ ಜೇಬಿನ ಮೇಲೆ ಪಾಕೀಟಿನ ಅಚ್ಚು ಮೂಡಿದವು. ನಾನು ಹೇಗೆ ಕೂರುತ್ತೇನೆ, ಹೇಗೆ ನಿಲ್ಲುತ್ತೇನೆ ಎಂಬುದೆಲ್ಲ ಆ ಬಟ್ಟೆಯ ಮೇಲಿದೆ. ಇಂಥದ್ದನ್ನು ಎಸೆದು ಹೊಸದು ತರಲು ಮನಸ್ಸು ಬರುವುದಿಲ್ಲ.

ಆಮೇಲೆ ಒಂದೇ ತಿಂಗಳಲ್ಲಿ ತೊಡೆಸಂದಿನ ಎರಡೂ ಬದಿ ಬಾಯಿಬಿಟ್ಟವು. ಜೇಬಿನ ಮೂಲೆ ಹರಿಯಬಾರದೆಂದು ತಾಮ್ರದ ರಿವೆಟ್ ಬಡಿಯುವ ಉಪಾಯಕ್ಕೆ ಜೇಕಬ್ ಡೇವಿಸ್ ಎಂಬ ಟೇಲರ್ ಮತ್ತು ಲೆವಿ ಸ್ಟ್ರಾಸ್ 1873ರಲ್ಲೇ ಪೇಟೆಂಟ್ ತೆಗೆದುಕೊಂಡರು. ಆ ಮೂಲೆಗಳು ನನ್ನದರಲ್ಲೂ ಗಟ್ಟಿಯಾಗಿವೆ. ತೊಡೆಸಂದಿನಲ್ಲಿ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲ, ಬಟ್ಟೆಯೇ ತಿಕ್ಕಿ ತಿಕ್ಕಿ ಸವೆಯುತ್ತದೆ. ಅದಕ್ಕೆ ರಿವೆಟ್ ಏನು ಮಾಡೀತು?

ಎಡಗಡೆಯದನ್ನು ಮನೆ ಹತ್ತಿರದ ಟೇಲರ್‌ಗೆ ಕೊಟ್ಟೆ. 80 ರೂಪಾಯಿ, ಅರ್ಧ ಗಂಟೆ. ಒಳಗೊಂದು ತುಂಡಿಟ್ಟು, ಮೇಲೆ ಮಷೀನನ್ನು ಹಿಂದೆ ಮುಂದೆ ನೂರು ಸಲ ಓಡಿಸಿದ. ಕೈಗೆ ಕೊಟ್ಟಾಗ ಆ ಜಾಗ ರಟ್ಟಿನಂತಿತ್ತು. ಗಟ್ಟಿ ಅಂದುಕೊಂಡು ಖುಷಿಪಟ್ಟೆ. ಹತ್ತು ವಾರ ಬಾಳಿತು.

ಹರಿದದ್ದು ಹೇಗೆ ಎಂಬುದನ್ನು ಬಿಡಿಸಿ ಹೇಳಬೇಕು. ಟೇಲರ್ ಹೊಲಿದ ಜಾಗಕ್ಕೆ ಏನೂ ಆಗಿರಲಿಲ್ಲ. ಅದರ ಅಂಚಿನಗುಂಟ, ಸೂಜಿ ಚುಚ್ಚಿದ ತೂತುಗಳ ಸಾಲಿನಲ್ಲೇ, ಅಂಚೆಚೀಟಿ ಹರಿದ ಹಾಗೆ ನೀಟಾಗಿ ಹರಿದಿತ್ತು. ದೀಪದ ಕೆಳಗೆ ಹಿಡಿದು ನೋಡಿದೆ. ಪಾಲಿಯೆಸ್ಟರ್ ದಾರ ಹೊಸದರಂತೆ ಮಿಂಚುತ್ತಿತ್ತು, ಅದರ ಪಕ್ಕದ ಹತ್ತಿಯ ನೂಲುಗಳು ಮಾತ್ರ ಕೂದಲಿನಂತೆ ತೆಳ್ಳಗಾಗಿ ತುಂಡಾಗಿದ್ದವು. ನಡೆದಾಗ ಮೆತ್ತನೆಯ ಬಟ್ಟೆ ಬಾಗುತ್ತದೆ, ರಟ್ಟು ಬಾಗುವುದಿಲ್ಲ. ಎಳೆತವೆಲ್ಲ ಅವೆರಡೂ ಸೇರುವ ಗೆರೆಯ ಮೇಲೆಯೇ ಬೀಳುತ್ತದೆ, ಆ ಗೆರೆಗೆ ಟೇಲರ್ ಮೊದಲೇ ತೂತು ಹೊಡೆದಿಟ್ಟಿದ್ದ. ಅವನು ಹರಿದ ಜಾಗವನ್ನಷ್ಟೇ ನೋಡಿದ್ದ, ಅದರ ಸುತ್ತಲಿನ ಎರಡು ಬೆರಳಗಲದ ಸವೆತವನ್ನು ನೋಡಿರಲಿಲ್ಲ. ಮೊದಲು ಒಂದು ಬೆರಳು ಹೋಗುವಷ್ಟಿದ್ದ ತೂತು ಈಗ ಅಂಗೈಯಷ್ಟಾಯಿತು. ಇದೇ ನನಗೆ ಹೊಟ್ಟೆ ಉರಿಸಿದ್ದು. ಹಾಗೇ ಬಿಟ್ಟಿದ್ದರೂ ಇಷ್ಟು ದೊಡ್ಡದಾಗುತ್ತಿರಲಿಲ್ಲ.

ಮತ್ತೊಂದು ತೊಂದರೆ ಬಣ್ಣದ್ದು. ಆ ದಾರ ಮಾಸುವುದೇ ಇಲ್ಲ. ಸುತ್ತಲಿನ ಬಟ್ಟೆ ಬೆಳ್ಳಗಾಗುತ್ತ ಹೋದಂತೆ ಅದೊಂದು ಕಪ್ಪು ಕಲೆಯಾಗಿ ನಿಲ್ಲುತ್ತದೆ.

ಬಲಗಡೆಯದನ್ನೂ ತೊಡೆಯ ಮೇಲೆ ಮೊಳೆ ತಾಗಿ ಆದ ಸಣ್ಣ ಕಿಂಡಿಯನ್ನೂ ಡೋಂಗ್ರಿ ಕಡೆಯ ಒಂದು ಗಲ್ಲಿಯ ರಫೂಗಾರರ ಹತ್ತಿರ ಒಯ್ದಿದ್ದೆ. ದಪ್ಪ ಬಟ್ಟೆಯ ಕೆಲಸದ ಪ್ಯಾಂಟಿಗೆ ಹೇಳುವ ಇಂಗ್ಲಿಷಿನ ಡಂಗರಿ ಎಂಬ ಪದ ಈ ಡೋಂಗ್ರಿಯ ಹೆಸರಿನಿಂದಲೇ ಬಂದದ್ದು. ಇಲ್ಲಿ ಸಿಗುತ್ತಿದ್ದ ದಪ್ಪ ಹತ್ತಿ ಬಟ್ಟೆಗೆ ಆ ಹೆಸರಿತ್ತು. ಅಲ್ಲೇ ಕೂತು ಜೀನ್ಸ್ ರಿಪೇರಿ ಮಾಡಿಸುವಾಗ ಮೈ ಜುಂ ಅಂದಿತು. ಚಾಚಾ ಪ್ಯಾಂಟಿನ ಕೆಳಮಡಿಕೆಯೊಳಗಿಂದಲೇ ನೂಲು ಬಿಡಿಸಿಕೊಂಡು, ಒಂದು ಎಳೆ ಮೇಲೆ ಒಂದು ಎಳೆ ಕೆಳಗೆ ಮಾಡುತ್ತ ಮಗ್ಗದಂತೆ ನೇಯ್ದರು. ಮಡಿಕೆಯೊಳಗಿನ ನೂಲಿಗೆ ಬಿಸಿಲು ತಾಗಿರಲಿಲ್ಲವಾದ್ದರಿಂದ ಮೊದಮೊದಲು ಕಡುನೀಲಿ ಚುಕ್ಕೆಯಂತೆ ಕಂಡಿತು. ಆರು ತಿಂಗಳಿಗೆ ಬಣ್ಣ ಕೂಡಿಕೊಂಡಿತು. ತೊಡೆಯ ಮೇಲಿನ ಕಿಂಡಿ ಎಲ್ಲಿತ್ತೆಂದು ಈಗ ನನಗೂ ಹುಡುಕಬೇಕಾಗುತ್ತದೆ.

ತೊಡೆಸಂದಿನ ರಫೂ ಏಳು ತಿಂಗಳಿಗೆ ಪಕ್ಕದಲ್ಲಿ ಬಿಟ್ಟುಕೊಂಡಿತು. ಚಾಚಾ ಮೊದಲೇ ಹೇಳಿದ್ದರು, ಕಪಡಾ ಸತ್ತುಹೋಗಿದೆ, ಗ್ಯಾರಂಟಿ ಇಲ್ಲ ಅಂತ. ಎರಡೂ ಸೇರಿ 700 ರೂಪಾಯಿ. ಕೆಲಸಕ್ಕೆ ತಕ್ಕ ದುಡ್ಡು, ಬೇಜಾರಿಲ್ಲ.

ಕೌದಿಗೆ ಬಂದದ್ದು ಟೇಲರ್ ಕೆಲಸ ಕೆಟ್ಟ ವಾರ. ಗದಗಿನಿಂದ ಅವ್ವ ಬಂದಿದ್ದಳು. ಹಳೆ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿದ ಕೈ ಅದು. ಪ್ಯಾಂಟು ತಿರುವಿ ನೋಡಿ, “ಹರದಿದ್ದರ ಮ್ಯಾಲಷ್ಟ ಹೊಲಿಬ್ಯಾಡೋ. ಗಟ್ಟಿ ಇದ್ದಲ್ಲಿಂದ ಸುರು ಮಾಡು, ಗಟ್ಟಿ ಇದ್ದಲ್ಲೇ ಮುಗಸು” ಅಂದಳು. ಟೇಲರ್ ತಪ್ಪಿದ್ದು ಸರಿಯಾಗಿ ಅಲ್ಲೇ.

ಮಂಗಳದಾಸ್ ಮಾರ್ಕೆಟ್ಟಿನಿಂದ ತೆಳು ಹತ್ತಿ ಬಟ್ಟೆ, ದಪ್ಪ ಹತ್ತಿ ದಾರ, ಎಲ್ಲ ಸೇರಿ 120 ರೂಪಾಯಿ. ಬಟ್ಟೆಯನ್ನು ಎರಡು ಸಲ ಬಿಸಿನೀರಿನಲ್ಲಿ ಒಗೆದು ಒಣಗಿಸಿ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಆಮೇಲೆ ಅದು ಕುಗ್ಗಿ ಜೀನ್ಸನ್ನೂ ಸುಕ್ಕು ಮಾಡುತ್ತದೆ. ಪ್ಯಾಂಟನ್ನೂ ಒಗೆದಿರಬೇಕು. ತೂತಿಗಿಂತ ಎರಡು ಬೆರಳು ದೊಡ್ಡ ತೇಪೆ ಒಳಗಿಟ್ಟು, ಅಕ್ಕಿಕಾಳಿನಷ್ಟು ಉದ್ದದ ಹೊಲಿಗೆಗಳನ್ನು ಸಾಲಾಗಿ ಓಡಿಸಿದೆ. ಎಲ್ಲ ಸಾಲೂ ಒಂದೇ ಗೆರೆಗೆ ನಿಲ್ಲಬಾರದು. ಒಂದು ಉದ್ದ, ಒಂದು ಗಿಡ್ಡ ಮಾಡಿದರೆ ಎಳೆತ ಹಂಚಿಹೋಗುತ್ತದೆ. ದಾರವನ್ನು ಬಿಗಿದೂ ಎಳೆಯಬಾರದು. ಸಾಲಿನ ತುದಿಯಲ್ಲಿ ಒಂಚೂರು ಸಡಿಲ ಬಿಡು ಎಂದು ಅವ್ವ ಪ್ರತಿ ಸಾಲಿಗೂ ಹೇಳಿದಳು. ಜಪಾನಿನವರ ಸಾಶಿಕೋ ಹೊಲಿಗೆಯೂ ಹೆಚ್ಚುಕಡಿಮೆ ಇದೇ. ನನಗೆ ಕಲಿಯಲು ಅಷ್ಟು ದೂರ ಹೋಗಬೇಕಾಗಲಿಲ್ಲ.

ಎಡಗಡೆಗೆ ಎರಡು ಭಾನುವಾರ ಹಿಡಿಯಿತು. ಆಮೇಲೆ ರಫೂ ಬಿಟ್ಟಾಗ ಬಲಗಡೆಯನ್ನು ಒಬ್ಬನೇ ಮಾಡಿದೆ, ಒಂದೇ ಭಾನುವಾರ. ಎಡ ಎರಡು ವರ್ಷದ ಹತ್ತಿರ ಬಂತು, ಬಲ ಒಂದೂವರೆ ದಾಟಿತು. ಮುಟ್ಟಿದರೆ ಮೆತ್ತಗೇ ಇದೆ, ಬಟ್ಟೆಯ ಜೊತೆ ಬಾಗುತ್ತದೆ, ದಾರವೂ ಜೀನ್ಸಿನ ಜೊತೆಗೇ ಮಾಸುತ್ತಿದೆ. ಹೊಲಿಗೆ ಕಾಣುತ್ತದೆ, ಹೌದು. ನನಗೆ ಅದೇ ಚಂದ.

ಒಗೆಯುವ ವಿಚಾರ ಒಂದು ಮಾತು. ಗೆರೆಗಳು ಚೆನ್ನಾಗಿ ಮೂಡಲಿ ಎಂದು ರಾ ಡೆನಿಮ್‌ಗೆ ಆರು ತಿಂಗಳು ನೀರು ಮುಟ್ಟಿಸಬೇಡಿ ಎನ್ನುವ ಸಲಹೆ ಮುಂಬೈ ಬೆವರಿಗಲ್ಲ. ಮಳೆಗಾಲದಲ್ಲಂತೂ ಒದ್ದೆಯಾದ ದಪ್ಪ ಡೆನಿಮ್ ಮೂರು ದಿನ ಆರುವುದಿಲ್ಲ, ಬೂಸಲು ಹಿಡಿಯುತ್ತದೆ. ತಣ್ಣೀರಿನಲ್ಲಿ ಒಳಮೈ ಹೊರಗೆ ಮಾಡಿ ತಿಂಗಳಿಗೊಮ್ಮೆ ಒಗೆದು, ಫ್ಯಾನಿನ ಕೆಳಗೆ ಹಾಕುತ್ತೇನೆ. ಗೆರೆಗಳು ಹಾಗೇ ಇವೆ.

ಕೆಳಮಡಿಕೆ, ಜಿಪ್ಪು, ಜೇಬಿನ ಚೀಲಕ್ಕೆ ಈಗಲೂ ಟೇಲರ್ ಹತ್ತಿರವೇ ಹೋಗುತ್ತೇನೆ. ಎದುರಿಗೆ ಕಾಣುವ ಸಣ್ಣ ತೂತಿಗೆ, ಸುತ್ತಲಿನ ಬಟ್ಟೆ ಗಟ್ಟಿಯಿದ್ದರೆ, ರಫೂಗೆ ಸಾಟಿಯಿಲ್ಲ. ತೊಡೆಸಂದು, ಮಂಡಿ ಏನಿದ್ದರೂ ಸೂಜಿ ನನ್ನ ಕೈಯಲ್ಲೇ. ಎಡ ಮಂಡಿಯಲ್ಲಿ ನೀಲಿ ಹಾಸು ಸವೆದು ಬಿಳಿ ಹೊಕ್ಕಿನ ಎಳೆಗಳು ಅಡ್ಡಡ್ಡ ಕಾಣತೊಡಗಿವೆ. ಹರಿಯುವುದಕ್ಕೆ ಬಿಡುವುದಿಲ್ಲ. ತೇಪೆಯ ಬಟ್ಟೆ ಎರಡನೇ ಸಲ ಒಗೆದು ಬಾಲ್ಕನಿಯಲ್ಲಿ ಹರವಿದ್ದೇನೆ, ಈ ಭಾನುವಾರಕ್ಕೆ.