ಸೀತಾಂಗೋಳಿ ರಸ್ತೆಯ ಚಟ್ಟಿ ಅಂಗಡಿ: ತಟ್ಟಿ ನೋಡಿಯೇ ಕೊಳ್ಳಿ

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವಾಗ ಸೀತಾಂಗೋಳಿ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಮಣ್ಣಿನ ಪಾತ್ರೆಗಳ ಅಂಗಡಿ ಒಂದಿದೆ. ಬೋರ್ಡಿಲ್ಲ. ನೀಲಿ ಟರ್ಪಾಲು ಕಟ್ಟಿದ ಶೆಡ್ಡು ನೋಡಿದರೆ ಗೊತ್ತಾಗುತ್ತದೆ. ಗಂಜಿ ಮಡಕೆ, ಮೀನು ಸಾರಿನ ಚಟ್ಟಿ ಎಲ್ಲ ಸಿಗುತ್ತದೆ. ನಾನು ಹೇಳಹೊರಟಿರುವುದು ಹೂವಿನ ಚಟ್ಟಿಗಳ ಬಗ್ಗೆ ಮಾತ್ರ, ಅದೂ ಗಿಡ ನೆಡುವವರಿಗಲ್ಲ, ಬಾರಿಸುವವರಿಗೆ.

ಅಮೆರಿಕದ ಸಂಗೀತ ಸಂಯೋಜಕ ಫ್ರೆಡರಿಕ್ ಜೆಫ್‌ಸ್ಕಿ 1985ರಲ್ಲಿ ‘ಟು ದಿ ಅರ್ತ್’ ಎಂಬ ಸಂಗೀತ ಕೃತಿ ಬರೆದರು. ಬಾರಿಸುವವರು ಒಬ್ಬರೇ. ವಾದ್ಯ ಅಂದರೆ ನಾಲ್ಕು ಹೂವಿನ ಚಟ್ಟಿ. ಬಾರಿಸುತ್ತಲೇ ಬಾಯಲ್ಲಿ ಸಾಲುಗಳನ್ನೂ ಹೇಳಬೇಕು. ಅವು ಹೋಮರನ ಹೆಸರಲ್ಲಿ ಉಳಿದು ಬಂದಿರುವ, ಭೂಮಿಯನ್ನು ಎಲ್ಲರ ತಾಯಿ ಎಂದು ಕರೆಯುವ ಹಳೇ ಗ್ರೀಕ್ ಸ್ತೋತ್ರದ ಸಾಲುಗಳು. ನನ್ನಂಥವರಿಗೆ ಇದು ದೊಡ್ಡ ಉಪಕಾರ. ಗ್ರೀಕ್ ಮೂಲದ ಸಂಯೋಜಕ ಕ್ಸೆನಾಕಿಸ್ ಅವರ ‘ರೆಬಾಂಡ್ಸ್’ ಎಂಬ ತಾಳವಾದ್ಯ ಕೃತಿಯ ಎ ಭಾಗಕ್ಕೇ ಎರಡು ಬೊಂಗೋ, ಮೂರು ಟಾಮ್‌ಟಾಮ್, ಎರಡು ಬೇಸ್ ಡ್ರಮ್ ಬೇಕು. ಅಷ್ಟನ್ನು ಬದಿಯಡ್ಕ ಬಸ್ಸಿಗೆ ಹತ್ತಿಸುವುದು ಹೇಗೆ? ನಾಲ್ಕು ಚಟ್ಟಿಯಾದರೆ ಒಂದು ಚೀಲದಲ್ಲಿ ಬರುತ್ತವೆ.

ಆದರೆ ಎಲ್ಲ ಚಟ್ಟಿಯೂ ಹಾಡುವುದಿಲ್ಲ. ನರ್ಸರಿಗಳಲ್ಲಿ ಈಗ ಪ್ಲಾಸ್ಟಿಕ್ಕೇ ಜಾಸ್ತಿ. ಮಣ್ಣಿನದು ಇದ್ದರೂ ಅಚ್ಚಿನಲ್ಲಿ ಒತ್ತಿದ್ದು, ಒಂದೇ ಅಳತೆಯ ನಾಲ್ಕನ್ನು ತಂದರೆ ನಾಲ್ಕೂ ಹೆಚ್ಚುಕಡಿಮೆ ಒಂದೇ ಶ್ರುತಿ. ಮೇಲೆ ಕೆಂಪು ಬಣ್ಣ ದಪ್ಪಗೆ ಬಳಿದಿದ್ದರೆ ನಾದ ಅಲ್ಲೇ ಸಾಯುತ್ತದೆ. ಆನ್‌ಲೈನಿನಲ್ಲಿ ತರಿಸಿದ ಸೆಟ್ಟು ನನ್ನ ಮನೆಗೆ ಬಂದಾಗ ಎರಡರಲ್ಲಿ ಬಿರುಕಿತ್ತು.

ಈ ಅಂಗಡಿಯಲ್ಲಿ ತಿಗರಿಯ ಮೇಲೆ ಕೈಯಲ್ಲಿ ಮಾಡಿದ ಚಟ್ಟಿಗಳಿವೆ. ಒಂದರ ಹಾಗೆ ಇನ್ನೊಂದಿಲ್ಲ. ಗಿಡ ನೆಡುವವರಿಗೆ ಅದು ಕೊರತೆ ಇರಬಹುದು, ನಮಗೆ ಅದೇ ಬೇಕಾದ್ದು. ಬಾಯಿ ಅಗಲವಾದರೆ ಶ್ರುತಿ ಇಳಿಯುತ್ತದೆ, ಗೋಡೆ ದಪ್ಪವಾದರೆ ಏರುತ್ತದೆ. ಹಾಗಾಗಿ ಗಾತ್ರ ನೋಡಿ ಆರಿಸಿದರೆ ಆಗುವುದಿಲ್ಲ, ಕಿವಿಯಿಂದಲೇ ಆರಿಸಬೇಕು. ಅಂಗಡಿಯ ಅಕ್ಕ ಅದಕ್ಕೆ ಬಿಡುತ್ತಾರೆ! ಬೇರೆ ಕಡೆ ಎರಡು ಸಲ ತಟ್ಟಿದರೆ ಮುಖ ಗಂಟಿಕ್ಕುತ್ತಾರೆ. ಇವರು ಕೂರಲು ಸ್ಟೂಲು ಕೊಟ್ಟರು. ನಾನು ಒಂದನ್ನು ಆರಿಸಿ ಬದಿಗಿಟ್ಟಾಗ, “ಮಾಸ್ಟ್ರೇ, ಅದು ಬೇಡ, ಒಂದು ಬದಿ ಸರಿ ಬೆಂದಿಲ್ಲ” ಅಂದರು. ತಿರುಗಿಸಿ ತಟ್ಟಿದೆ. ನಿಜವೇ, ಆ ಬದಿಗೆ ಬದ್ ಅನ್ನುತ್ತಿತ್ತು. ಬೆಂಕಿಯ ಲೆಕ್ಕ ಗೊತ್ತಿರುವವರ ಕಿವಿ ಅದು. “ಘಟ ಬೇಕಾ?” ಅಂತಲೂ ಕೇಳಿದರು. ತಮಿಳುನಾಡಿನ ಮಾನಾಮದುರೆಯ ಘಟದ ತೂಕ, ಗಟ್ಟಿತನ ಇವುಗಳಿಗಿಲ್ಲ, ಇರಲೂಬಾರದು. ಈ ಕೃತಿಗೆ ಬೇಕಾದ್ದು ತೆಳ್ಳಗಿನ, ಬೇಗ ಆರುವ ನಾದ. ಅದರ ಸಂದಿಯಲ್ಲಿ ಮಾತು ಕೇಳಬೇಕಲ್ವಾ?

ನಾನು ಆರಿಸಿದ ನಾಲ್ಕನ್ನು ಮಡಚಿದ ಕಂಬಳಿಯ ಮೇಲೆ ಕವುಚಿ ಹಾಕಿ ಬಾರಿಸುತ್ತೇನೆ. ಚೆಂಡೆ ಕೋಲು ಬೇಡವೇ ಬೇಡ, ಚಟ್ಟಿ ಉಳಿಯುವುದಿಲ್ಲ. ತೆಳ್ಳಗಿನ ಬಿದಿರು ಕಡ್ಡಿಯ ತುದಿಗೆ ನೂಲು ಸುತ್ತಿದರೆ ಸಾಕು. ನಮ್ಮ ಊರಿನ ವಾಚನಾಲಯದ ಹಾಲಿನಲ್ಲಿ ಮೈಕಿಲ್ಲದೆ ಬಾರಿಸಿದೆ, ಕೊನೆಯ ಸಾಲಿನವರೆಗೂ ನಾಲ್ಕು ಸ್ವರ ಬೇರೆ ಬೇರೆಯಾಗಿ ಕೇಳಿತು. ಯಕ್ಷಗಾನದ ಮದ್ದಳೆ ಕೇಳಿ ಬೆಳೆದವರು ಅಲ್ಲಾಡದೆ ಕೂತು ಕೇಳಿದರು. ನನಗೆ ಅದಕ್ಕಿಂತ ದೊಡ್ಡ ಸಂತೋಷ ಇಲ್ಲ.

ಬೆಲೆ ಗಾತ್ರದ ಮೇಲೆ, 80ರಿಂದ 150 ರೂಪಾಯಿ. ಕೊರತೆ ಎರಡಿದೆ. ಪ್ಯಾಕಿಂಗ್ ಅಂದರೆ ಒಂದು ಹಾಳೆ ಪೇಪರು ಅಷ್ಟೇ, ಬೈಹುಲ್ಲೋ ಹಳೇ ಬಟ್ಟೆಯೋ ನೀವೇ ಒಯ್ಯಿರಿ. ಇನ್ನೊಂದು, ಮಳೆಗಾಲದಲ್ಲಿ ಟರ್ಪಾಲಿನಡಿ ಚಟ್ಟಿಗಳು ತೇವ ಕುಡಿದಿರುತ್ತವೆ. ಆಗ ತಟ್ಟಿದರೆ ಒಳ್ಳೆಯದೂ ಮಂಕಾಗಿ ಕೇಳುತ್ತದೆ. ಜನವರಿಯಿಂದ ಏಪ್ರಿಲ್ ಒಳಗೆ ಹೋಗುವುದು ಒಳ್ಳೆಯದು. ನಾಲ್ಕರ ಬದಲು ಆರು ತೆಗೆದುಕೊಳ್ಳಿ. ಒಡೆದದ್ದರ ಶ್ರುತಿಗೇ ಸರಿಹೋಗುವ ಇನ್ನೊಂದು ಮುಂದಿನ ಸಲ ಅಲ್ಲಿ ಸಿಗುತ್ತದೆ ಅನ್ನುವ ಭರವಸೆ ಇಲ್ಲ.